ಪೆರಿಸ್ಕೋಪಲ್ಲಿ ರೇಂಜ್ ಒಂದೊಂದ್ ಸಲ ಒಂದೊಂದ್ ತೋರಿಸ್ತಿದೆ, ಟಾರ್ಪೆಡೊ ಎಲ್ಲ ಹಡಗಿನ ಮುಂದೆ ಹಾದು ಹೋಗ್ತಿದೆ, ಯಾಕೆ?

ಅಂತರಗಂಗೆ_ಕ್ಯಾಪ್ಟನ್ (ಕೋಲಾರ)

ಎಲ್ರಿಗೂ ನಮಸ್ಕಾರ. ಸೈಲೆಂಟ್ ಹಂಟರ್ 3 (ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಗೇಮು) ಆಡೋರು ಇಲ್ಲಿ ಯಾರಾದ್ರೂ ಇದ್ದೀರಾ? 2005ರ ಗೇಮು ಅಂತ ನಗ್ಬೇಡಿ, ನನ್ ಲ್ಯಾಪ್‌ಟಾಪಿಗೆ ಅದೇ ಸರಿ ಹೋಗೋದು. ಇಷ್ಟು ದಿನ ಆಟೋ ಟಾರ್ಗೆಟಿಂಗ್ ಇಟ್ಕೊಂಡು ಆಡ್ತಿದ್ದೆ, ತ್ರಿಕೋನ ಹಸಿರಾದ್ರೆ ಬಟನ್ ಒತ್ತು, ಢಂ, ಅಷ್ಟೇ. ಬೇಜಾರಾಯ್ತು ಅಂತ ಮ್ಯಾನ್ಯುಯಲ್‌ಗೆ (ಗುರಿ ಲೆಕ್ಕ ಎಲ್ಲ ನಾವೇ ಮಾಡೋದು) ಹಾಕ್ದೆ, ಅಲ್ಲಿಂದ ಶುರುವಾಯ್ತು ನೋಡಿ.

ನಾನು ಮಾಡೋದು ಹಿಂಗೆ. ದೂರದಲ್ಲಿ ಹೊಗೆ ಕಾಣುತ್ತೆ, ಮುಳುಗಿ ಪೆರಿಸ್ಕೋಪ್ ಎತ್ತುತೀನಿ, ಗೇಮಲ್ಲಿರೋ ಹಡಗು ಗುರುತಿಸೋ ಪುಸ್ತಕದಲ್ಲಿ ಹಡಗು ಯಾವ್ದು ಅಂತ ಹುಡುಕ್ತೀನಿ, ಸ್ಟೇಡಿಮೀಟರ್ (ಪೆರಿಸ್ಕೋಪಲ್ಲಿರೋ ದೂರ ಅಳೆಯೋ ಉಪಕರಣ) ತೆಗೆದು ನೀರಿನ ಗೆರೆಯಿಂದ ಮಾಸ್ಟ್ ತುದಿವರೆಗೂ ಎಳೀತೀನಿ, ರೇಂಜ್, ಅಂದ್ರೆ ಹಡಗು ಎಷ್ಟು ದೂರ ಅನ್ನೋದು ಬರುತ್ತೆ, ಮ್ಯಾಪಲ್ಲಿ ಗುರುತು ಹಾಕ್ತೀನಿ, 3 ನಿಮಿಷ 15 ಸೆಕೆಂಡ್ ಬಿಟ್ಟು ಇನ್ನೊಂದು ಗುರುತು, ನಡುವೆ ಸ್ಕೇಲ್ ಇಟ್ಟು ಅಳೆದು ಸ್ಪೀಡ್ ಬರ್ಕೊತೀನಿ. ವಿಡಿಯೋದಲ್ಲಿ ಹೇಳ್ಕೊಟ್ಟಂಗೇ ಮಾಡ್ತಿದೀನಿ. ಆದ್ರೆ ಸ್ಟೇಡಿಮೀಟರ್ ಈಗ ಎಳೆದ್ರೆ 2750 ಮೀಟರ್, ಮರುಕ್ಷಣ ಎಳೆದ್ರೆ 3250. ಹಡಗೇನು ಹಿಂದಕ್ಕೆ ಹೋಯ್ತಾ? ಹಳೇ ಸರಕು ಹಡಗಿಗೆ 13 ನಾಟ್ ಸ್ಪೀಡ್ ಬರುತ್ತೆ. ಹೊಡೆದ ಟಾರ್ಪೆಡೊ ಎಲ್ಲ ಅದರ ಮೂತಿ ಮುಂದೆ ದಾಟ್ಕೊಂಡು ಹೋಗುತ್ತೆ, ಹಿಂದೆ ಒಂದೂ ಹೋಗಲ್ಲ, ಬರೀ ಮುಂದೆ.

ರೇಂಜ್ ಸರಿಯಾಗಿ ತಗೊಳ್ಳೋದು ಹೆಂಗೆ ಯಾರಾದ್ರೂ ಹೇಳಿ. ಟೈಪ್ 7ಬಿ ಸಬ್‌ಮರೀನು, ಎಲೆಕ್ಟ್ರಿಕ್ ಟಾರ್ಪೆಡೊ, ಮಾಡ್ ಯಾವ್ದೂ ಹಾಕಿಲ್ಲ. ಬೆಳಿಗ್ಗೆ ಐದಕ್ಕೆಲ್ಲ ಟೊಮೆಟೊ ಮಂಡಿಗೆ ಹೋಗ್ಬೇಕು, ರಾತ್ರಿ ಸಿಗೋ ಒಂದೆರಡು ಗಂಟೆ ಹಿಂಗೇ ಹಾಳಾಗ್ತಿದೆ.

ಗೌರಿಬಿದನೂರು_ಗೇಮರ್

ಗುರು ಮತ್ತೆ ಆಟೋ ಹಾಕು, ಮಲ್ಕೊ. ಸಮುದ್ರ ನೋಡ್ಬೇಕು ಅಂದ್ರೆ ನಾವು ಒಂದಿಡೀ ರಾತ್ರಿ ಬಸ್ಸಲ್ಲಿ ಕೂರ್ಬೇಕು, ನಮಗ್ಯಾಕೆ ಅಟ್ಲಾಂಟಿಕ್‌ನ ತ್ರಿಕೋನಮಿತಿ 😂

ಮೂರುಗೆರೆ_ಸರ್ವೆಯರ್ (ತುಮಕೂರು)

ಮಲ್ಕೊಳ್ಳೋದು ಆಮೇಲೆ ಇರ್ಲಿ, ಇದು ಮಜಾ ಇರೋ ಪ್ರಶ್ನೆ.

ಡಿಪ್ಲೊಮಾ ಸಿವಿಲ್ ಮಾಡ್ದೋರಿಗೆ ಇದು ಗೊತ್ತಿರೋ ವಿಷಯಾನೇ. ಡಂಪಿ ಲೆವಲ್ (ಸರ್ವೆ ಮಾಡೋ ದುರ್ಬೀನು) ಒಳಗೆ ಕಣ್ಣಿಟ್ರೆ ಅಡ್ಡಕ್ಕೆ ಮೂರು ಗೆರೆ ಕಾಣುತ್ತೆ, ನಡುವಿಂದು ಲೆವಲ್ ತಗೊಳ್ಳೋಕೆ, ಮೇಲೊಂದು ಕೆಳಗೊಂದು ಇರೋ ಚಿಕ್ಕ ಗೆರೆಗಳು ದೂರ ತಗೊಳ್ಳೋಕೆ. ಅತ್ಲಾಗೆ ಹುಡುಗ ಸ್ಟಾಫ್, ಅಂದ್ರೆ ಅಳತೆ ಕೋಲು ಹಿಡ್ಕೊಂಡು ನಿಂತಿರ್ತಾನೆ. ಮೇಲಿನ ಗೆರೆ ಸ್ಟಾಫಿನ 1.845ರ ಮೇಲೆ ಕೂತಿದೆ, ಕೆಳಗಿಂದು 1.425ರ ಮೇಲೆ, ಕಳೆದ್ರೆ 0.42, ನೂರರಿಂದ ಗುಣಿಸಿ, 42 ಮೀಟರ್. ಟೇಪ್ ಹಿಡಿಯೋ ಕೆಲ್ಸಾನೇ ಇಲ್ಲ. ಪೆರಿಸ್ಕೋಪಲ್ಲಿ ನಡೆಯೋದೂ ಇದೇನೇ, ಹಡಗಿನ ಮಾಸ್ಟೇ ಸ್ಟಾಫು. ವ್ಯತ್ಯಾಸ ಏನಂದ್ರೆ ನಮ್ದರಲ್ಲಿ ಕೋನ ಫಿಕ್ಸು, ಸ್ಟಾಫ್ ಮೇಲೆ ಎಷ್ಟು ಉದ್ದ ಸಿಗುತ್ತೆ ಅನ್ನೋದು ಬದಲಾಗುತ್ತೆ. ನಿಮ್ದರಲ್ಲಿ ಮಾಸ್ಟ್ ಎತ್ತರ ಫಿಕ್ಸು, ಕೋನ ಅಳೀಬೇಕು. ಸ್ಟೇಡಿಮೀಟರ್ ಒಳಗೆ ಕೂತಿರೋ ಲೆಕ್ಕ ಇಷ್ಟೇ:

ದೂರ = ಮಾಸ್ಟ್ ಎತ್ತರ × 57.3 ÷ ಕೋನ (ಡಿಗ್ರಿಯಲ್ಲಿ)

ಈಗ ನಿಮ್ 2750, 3250ಗೆ ಬರೋಣ. ಮಾಸ್ಟು 30 ಮೀಟರ್ ಅಂತ ಇಟ್ಕೊಳ್ಳಿ. 1000 ಮೀಟರ್ ದೂರದಲ್ಲಿ ಅದು 1.72 ಡಿಗ್ರಿ ಕಾಣುತ್ತೆ. 3000 ಮೀಟರಲ್ಲಿ ಬರೀ 0.57 ಡಿಗ್ರಿ. ನೀವು ಮೌಸ್ ಎಳೀವಾಗ 0.05 ಡಿಗ್ರಿ ಅತ್ಲಾಗೆ ಇತ್ಲಾಗೆ ಆಯ್ತು ಅನ್ಕೊಳ್ಳಿ, ಅದು ಆಗೇ ಆಗುತ್ತೆ, ಯಾಕಂದ್ರೆ ಆ ಗೇಮಿನ ಮೂಲ ರೆಸಲ್ಯೂಷನ್ 1024×768, ಮಾಸ್ಟ್ ತುದಿ ಅಷ್ಟು ದೂರದಲ್ಲಿ ಬೂದಿ ಬಣ್ಣದ ಚುಕ್ಕಿ. ಹತ್ರ, ಅಂದ್ರೆ 1000 ಮೀಟರಲ್ಲಿ, ಇದರಿಂದ ಬರೋ ತಪ್ಪು 30 ಮೀಟರ್. 3000ದಲ್ಲಿ? ಒಂದು ಕಡೆ 2760 ಬರುತ್ತೆ, ಇನ್ನೊಂದು ಕಡೆ 3290. ದೂರ ಮೂರು ಪಟ್ಟಾದ್ರೆ ತಪ್ಪು ಹೆಚ್ಚುಕಮ್ಮಿ ಒಂಬತ್ತು ಪಟ್ಟು. ಹಂಗಾಗಿ ನಿಮ್ ಕೈ ಕೆಟ್ಟಿಲ್ಲ, ಉಪಕರಣದ ಮಿತಿ ಅದು, ಎಷ್ಟು ಸಲ ಎಳೆದ್ರೂ ಅಷ್ಟು ಆಚೀಚೆ ಇದ್ದೇ ಇರುತ್ತೆ.

ಇದ್ರ ಮೇಲೆ ಇನ್ನೆರಡು ಕಾಟ ಇದೆ. ಅಲೆ ಎದ್ದಾಗ ಹಡಗಿನ ಬುಡ ಮುಚ್ಚೋಗುತ್ತೆ, ನೀವು ಅಲೆ ತಲೆ ಮೇಲಿಂದ ಅಳೀತೀರ, ಎತ್ತರ ಕಮ್ಮಿ ಕಾಣುತ್ತೆ, ಹಂಗಾಗಿ ಹಡಗು ಇರೋದಕ್ಕಿಂತ ದೂರ ಇದೆ ಅಂತ ತೋರಿಸುತ್ತೆ. ಈ ತಪ್ಪು ಯಾವಾಗ್ಲೂ ಒಂದೇ ಕಡೆಗೆ, ದೂರದ ಕಡೆಗೇ ವಾಲುತ್ತೆ, ಅದಕ್ಕೇ ಹಲವು ಸಲ ಅಳೆದು ಸರಾಸರಿ ತೆಗೆದ್ರೂ ಹೋಗಲ್ಲ. ಅಲೆ ಇಳಿದ ಕ್ಷಣ ಕಾದು, ಹಡಗಿನ ಬುಡದ ಗೆರೆ ಕಂಡಾಗ್ಲೇ ಕ್ಲಿಕ್ ಮಾಡಿ, ಎಲ್ಲಕ್ಕಿಂತ ಕಮ್ಮಿ ಬಂದಿರೋ ರೀಡಿಂಗ್‌ಗಳನ್ನ ಜಾಸ್ತಿ ನಂಬಿ. ಎರಡನೇದು ಪುಸ್ತಕ. ಹಡಗನ್ನ ತಪ್ಪಾಗಿ ಗುರುತಿಸಿ 27 ಮೀಟರ್ ಮಾಸ್ಟ್ ಇರೋದಕ್ಕೆ 30 ಅಂತ ತಗೊಂಡ್ರೆ ರೇಂಜ್ ಪೂರ್ತಿ ನೂರಕ್ಕೆ ಹನ್ನೊಂದು ಭಾಗ ಏರುತ್ತೆ. ನಮ್ ಸ್ಟಾಫ್ ಮೇಲೆ ಅಂಕಿ ಪ್ರಿಂಟ್ ಆಗಿರುತ್ತೆ, ಹಡಗಿನ ಮಾಸ್ಟ್ ಮೇಲೆ ಯಾರು ಬರೀತಾರೆ. ಇನ್ನೊಂದು, ಮಾಸ್ಟ್ ತುದಿ ಅಂದ್ರೆ ಎಲ್ಲಕ್ಕಿಂತ ಎತ್ತರದ ಕಂಬದ ಕಟ್ಟಕಡೇ ತುದಿ, ಹೊಗೆ ಗೂಡಿನ ತಲೆ ಅಲ್ಲ, ದೂರಕ್ಕೆ ಎರಡೂ ಒಂದೇ ಥರ ಕಾಣುತ್ತೆ ಹುಷಾರು.

ಮಾವಿನತೋಪು (ಶ್ರೀನಿವಾಸಪುರ)

ಸರ್ವೆಯರ್ ಸಾರ್ ಹೇಳಿದ್ದು ನೂರಕ್ಕೆ ನೂರು. ಆದ್ರೆ ಕೋಲಾರದ ಅಣ್ಣ ಕೇಳ್ತಿರೋ ಪ್ರಶ್ನೇನೇ ಬೇರೆ ಇರ್ಬೇಕಿತ್ತು ಅನ್ಸುತ್ತೆ ನಂಗೆ. ಟಾರ್ಪೆಡೊ ಮುಂದೆ ಹೋಗ್ತಿರೋದು ರೇಂಜ್ ತಪ್ಪಿದ್ದಕ್ಕೆ ನೇರವಾಗಿ ಅಲ್ಲಣ್ಣ, ಆ ರೇಂಜಿಂದ ನೀವು ಸ್ಪೀಡ್ ತೆಗೀತಿರೋದಕ್ಕೆ.

ನೋಡಿ, 3 ನಿಮಿಷ 15 ಸೆಕೆಂಡ್ ಅನ್ನೋ ಲೆಕ್ಕ ಯಾಕೆ ಬಂತು? ಒಂದು ನಾಟ್ ಅಂದ್ರೆ ಗಂಟೆಗೆ 1852 ಮೀಟರ್, ಆ ಟೈಮಲ್ಲಿ ಅದು ಸರಿಯಾಗಿ 100 ಮೀಟರ್ ಹೋಗುತ್ತೆ. ಒಳ್ಳೇ ಲೆಕ್ಕಾನೇ. ಆದ್ರೆ ಮೊದಲ ಗುರುತು ಒಂದು 250 ಮೀಟರ್ ಆ ಕಡೆ, ಎರಡನೇ ಗುರುತು 250 ಈ ಕಡೆ ಬಿತ್ತು ಅಂದ್ರೆ ನಡುವೆ 500 ಮೀಟರ್ ಸುಳ್ಳೇ ಸೇರ್ಕೊಂಡ್ತು. 500 ಮೀಟರ್ ಅಂದ್ರೆ 5 ನಾಟ್! 8 ನಾಟ್‌ನಲ್ಲಿ ತೆವಳ್ತಿರೋ ಹಡಗು ನಿಮ್ ಮ್ಯಾಪಲ್ಲಿ 13 ಆಗುತ್ತೆ. ಎಲೆಕ್ಟ್ರಿಕ್ ಟಾರ್ಪೆಡೊ 30 ನಾಟ್, ಅಂದ್ರೆ ಸೆಕೆಂಡಿಗೆ 15.4 ಮೀಟರ್, 1500 ಮೀಟರ್ ಓಡೋಕೆ 97 ಸೆಕೆಂಡ್ ಬೇಕು. ಅಷ್ಟರಲ್ಲಿ ಆ ಸುಳ್ಳು 5 ನಾಟ್ ನಿಮ್ ಗುರಿಯನ್ನ 250 ಮೀಟರ್ ಮುಂದಕ್ಕೆ ತಳ್ಳಿರುತ್ತೆ. ಹಡಗೇ 130 ಮೀಟರ್ ಉದ್ದ. ಮೂತಿ ಮುಂದೆ ಹೋಗ್ದೆ ಇನ್ನೆಲ್ಲಿಗೆ ಹೋಗುತ್ತೆ.

ಆ ಮ್ಯಾಪ್ ಸ್ಕೇಲ್ ಬಿಡಿ. ಸ್ಪೀಡ್‌ಗೆ ಸ್ಟಾಪ್‌ವಾಚ್ ಸಾಕು. ನಿಮ್ ಬೋಟನ್ನ ಒಂದೆರಡು ನಾಟ್‌ಗೆ ಇಳಿಸಿ, ತಿರುಗಿಸ್ಬೇಡಿ, ಪೆರಿಸ್ಕೋಪ್‌ನ ಹಡಗಿಗಿಂತ ಸ್ವಲ್ಪ ಮುಂದೆ ಒಂದು ಬೇರಿಂಗ್‌ನಲ್ಲಿ (ದಿಕ್ಕಿನ ಡಿಗ್ರಿಯಲ್ಲಿ) ನಿಲ್ಸಿ, ಲಾಕ್ ಮಾಡ್ಬೇಡಿ, ಲಾಕ್ ಮಾಡಿದ್ರೆ ಅದು ಹಡಗಿನ ಜೊತೆ ತಿರುಗುತ್ತೆ. ನಡುವಿನ ಉದ್ದ ಗೆರೆಗೆ ಹಡಗಿನ ಮೂತಿ ತಾಗಿದಾಗ ವಾಚ್ ಒತ್ತಿ, ಬಾಲ ದಾಟಿದಾಗ ನಿಲ್ಸಿ. ಪುಸ್ತಕದಲ್ಲಿ ಉದ್ದ 134 ಮೀಟರ್ ಇದೆ, 32 ಸೆಕೆಂಡ್ ಹಿಡೀತು ಅಂದ್ರೆ 134 ÷ 32 × 1.944, ಅಂದ್ರೆ 8.1 ನಾಟ್. ಮುಗೀತು. ಇದರಲ್ಲಿ ರೇಂಜ್ ಎಲ್ಲಾದ್ರೂ ಬಂತಾ? ಬರಲ್ಲ. ಹಡಗು ಓರೆಯಾಗಿ ಬರ್ತಿದ್ರೂ ಪರವಾಗಿಲ್ಲ, ಮೂತಿ ಆ ಗೆರೆ ದಾಟಿದ ಜಾಗವನ್ನೇ ಬಾಲವೂ ದಾಟ್ಬೇಕಲ್ವಾ, ಹಂಗಾಗಿ ಅದು ಹೋಗಿರೋದು ತನ್ನ ಉದ್ದದಷ್ಟೇ. ತೀರಾ ನಿಮ್ ಎದುರಿಗೇ ಮುಖ ಮಾಡಿ ಬರ್ತಿದ್ರೆ ಮಾತ್ರ ಹಡಗಿನ ಅಗಲ ಅಡ್ಡ ಬಂದು ಲೆಕ್ಕ ಕೆಡುತ್ತೆ.

ಆಮೇಲೆ ಹೊಡೆಯೋದು. ಹಡಗು ಹೋಗ್ತಿರೋ ದಿಕ್ಕಿಗೆ ಸರಿಯಾಗಿ ಅಡ್ಡಕ್ಕೆ ನಿಮ್ ಬೋಟ್ ಮುಖ ಮಾಡಿ ನಿಂತ್ಕೊಳ್ಳಿ, 90 ಡಿಗ್ರಿ. ಟಾರ್ಪೆಡೊ ತಿರುಗದೆ ನೇರ ಮೂಗಿನ ಮುಂದಕ್ಕೆ ಹೋಗೋ ಹಂಗೆ, ಗೈರೋ (ಟಾರ್ಪೆಡೊ ತಿರುಗೋ ಕೋನ) ಸೊನ್ನೆ. ಹಡಗಿನ ಸ್ಪೀಡ್ ಭಾಗಿಸು ಟಾರ್ಪೆಡೊ ಸ್ಪೀಡ್, 8 ÷ 30, ಅದರ ಟ್ಯಾನ್ ಇನ್ವರ್ಸ್ 15 ಡಿಗ್ರಿ. ಹಡಗು ಬಲಗಡೆಯಿಂದ ಬರ್ತಿದ್ರೆ ಪೆರಿಸ್ಕೋಪ್ 15ಕ್ಕೆ, ಎಡಗಡೆಯಿಂದ ಬರ್ತಿದ್ರೆ 345ಕ್ಕೆ ತಿರುಗಿಸಿ ಸುಮ್ನೆ ಕಾಯಿರಿ, ಹಡಗಿನ ಹೊಟ್ಟೆ ಗೆರೆಗೆ ಬಂದಾಗ ಬಿಡಿ. ಹಡಗು 600 ಮೀಟರಲ್ಲಿದ್ರೂ ಅದೇ 15, 2000ದಲ್ಲಿದ್ರೂ ಅದೇ 15. ನಿಮ್ ಅಂದಾಜು ದಿಕ್ಕು 10 ಡಿಗ್ರಿ ತಪ್ಪಿದ್ರೂ ಆ 15 ಅನ್ನೋದು 14 ಆಗುತ್ತೆ ಇಲ್ಲ ಹದಿನೈದೂವರೆ ಆಗುತ್ತೆ, ಅಷ್ಟೇ, ಹಡಗಿನ ಉದ್ದದಲ್ಲಿ ಅದು ಕರಗೋಗುತ್ತೆ. ರೇಂಜ್ ಬೇಕಿರೋದು ಟಾರ್ಪೆಡೊ ಅಷ್ಟು ದೂರ ಓಡುತ್ತೋ ಇಲ್ವೋ ನೋಡೋಕೆ, ಮತ್ತೆ ತೀರಾ ಹತ್ರ ಆಗಿ ಸಿಡಿತಲೆ ಆರ್ಮ್ ಆಗದೇ ಹೋಗುತ್ತಾ ಅನ್ನೋದಕ್ಕೆ. ಅದಕ್ಕೆ ಕಣ್ಣಂದಾಜು ಸಾಕು.

ಗೌರಿಬಿದನೂರು_ಗೇಮರ್

ಇದೆಲ್ಲ ಓದಿ ನಂಗೆ ಪಿಯುಸಿ ಮ್ಯಾಥ್ಸ್ ಪೇಪರ್ ನೆನಪಾಗಿ ಬೆವರು ಬಂತು

ಅಂತರಗಂಗೆ_ಕ್ಯಾಪ್ಟನ್ (ಕೋಲಾರ)

ಮಾವಿನತೋಪು ಅಣ್ಣ ಕೈ ಮುಗೀತೀನಿ. ರಾತ್ರಿ ಕೂತು ನೋಡ್ದೆ, ಸ್ಟಾಪ್‌ವಾಚ್ ವಿಷಯ ಬೆಂಕಿ. ಒಂಟಿ ಹಡಗು ಸಿಕ್ತು, ವಾಚಲ್ಲಿ 7 ನಾಟ್ ಬಂತು, ಕುತೂಹಲಕ್ಕೆ ಹಳೇ ಥರ ಮ್ಯಾಪಲ್ಲೂ ಎಳೆದೆ, ಅಲ್ಲಿ 10 ತೋರಿಸ್ತು. ವಾಚನ್ನ ನಂಬಿ ಹೊಡೆದೆ, ಇಂಜಿನ್ ರೂಮ್ ಹತ್ರಾನೇ ಬಿತ್ತು, ಹೊಗೆ ಗೂಡೇ ಕಿತ್ಕೊಂಡು ಹೋಯ್ತು.

ಆದ್ರೆ ಕಾನ್ವಾಯ್ (ಒಟ್ಟಿಗೆ ಹೋಗೋ ಹಡಗುಗಳ ಗುಂಪು) ಸಿಕ್ಕಾಗ ಏನ್ಮಾಡೋದು? ಎಸ್ಕಾರ್ಟ್, ಅಂದ್ರೆ ಕಾವಲಿನ ಯುದ್ಧ ಹಡಗು ಸುತ್ತಾಡ್ತಿರುತ್ತೆ, 90 ಡಿಗ್ರಿಗೆ ಬಂದು ನಿಲ್ಲೋಕೆ ಟೈಮೇ ಕೊಡಲ್ಲ, ಓರೆಯಾಗೇ ಹೊಡೀಬೇಕಾಗುತ್ತೆ. ಆಗ ರೇಂಜ್ ಬೇಕೇ ಬೇಕು ಅಲ್ವಾ? ಮತ್ತೆ ಹಡಗು ಎಷ್ಟು ಓರೆ ಇದೆ ಅನ್ನೋದನ್ನ ಬರೀ ಕಣ್ಣಲ್ಲಿ ಹೇಳೋದು ಹೆಂಗೆ, ನಂಗೆ 40ಕ್ಕೂ 60ಕ್ಕೂ ವ್ಯತ್ಯಾಸಾನೇ ಕಾಣಲ್ಲ.

ಕೊಬ್ಬರಿ_ಕಮಾಂಡರ್ (ತಿಪಟೂರು)

ನಾನು ನಾಲ್ಕನೇ ಭಾಗ ಆಡೋನು, ಪೆಸಿಫಿಕ್ ಕಡೇದು, 2007ರದ್ದು. ಅಲ್ಲಿ ಸ್ಟೇಡಿಮೀಟರ್ ಇನ್ನೂ ಚೆಂದ, ಹಡಗಿನ ಚಿತ್ರ ಎರಡಾಗಿ ಒಡೆಯುತ್ತೆ, ದೆವ್ವದ ಥರ ಕಾಣೋ ಎರಡನೇ ಚಿತ್ರವನ್ನ ಎತ್ತಿ ಅದರ ನೀರಿನ ಗೆರೆ ಅಸಲಿ ಹಡಗಿನ ಮಾಸ್ಟ್ ತುದಿಗೆ ತಾಗಿಸ್ಬೇಕು. ಅಮೆರಿಕದ ಪೆರಿಸ್ಕೋಪಲ್ಲೂ ಕೆಲಸ ಇದೇ ತತ್ವದ್ದು. ಎರಡು ಚಿತ್ರ ಒಟ್ಟಿಗೇ ಅಲ್ಲಾಡೋದ್ರಿಂದ ಅಲೆಯಲ್ಲಿ ಬೋಟ್ ಕುಣಿದ್ರೂ ಅಷ್ಟು ತೊಂದ್ರೆ ಇಲ್ಲ.

ಇಲ್ಲಿ ಹೊಸಬರು ಬೀಳೋ ಹಳ್ಳ ಬೇರೆ. ಅಮೆರಿಕದ್ದೆಲ್ಲ ಗಜದ ಲೆಕ್ಕ. ಮೂರನೇ ಭಾಗ ಆಡಿ ಬಂದೋರು 3 ನಿಮಿಷ 15 ಸೆಕೆಂಡನ್ನೇ ಹಿಡ್ಕೊಂಡು ಬರ್ತಾರೆ, ಅದು ಮೀಟರ್‌ಗೆ. ಗಜಕ್ಕೆ ಸರಿಯಾಗಿ 3 ನಿಮಿಷ ಸಾಕು, ಒಂದು ನಾಟ್‌ಗೆ 100 ಗಜ. ಇದನ್ನ ಅದಕ್ಕೆ ಅದನ್ನ ಇದಕ್ಕೆ ಬೆರೆಸಿದ್ರೆ ನೂರಕ್ಕೆ ಎಂಟೊಂಬತ್ತು ಭಾಗ ಸುಮ್ಸುಮ್ನೆ ತಪ್ಪು.

ಇಷ್ಟೆಲ್ಲ ಸರಿಯಾಗಿ ಮಾಡಿ ಹೊಡೆದ್ರೂ 1942ರಲ್ಲಿ ಅಮೆರಿಕದ ಮಾರ್ಕ್ 14 ಟಾರ್ಪೆಡೊ ಹಡಗಿನ ಕೆಳಗೇ ಹೋಗುತ್ತೆ, ಗೇಮ್ ಮಾಡ್ದೋರ್ನ ಬೈಬೇಡಿ, ನಿಜವಾಗ್ಲೂ ಹಂಗೇ ಇತ್ತು. ಕ್ಯಾಪ್ಟನ್‌ಗಳೆಲ್ಲ ಟಾರ್ಪೆಡೊನೇ ಸರಿಯಿಲ್ಲ ಅಂತ ಬಾಯಿ ಬಾಯಿ ಬಡ್ಕೊಂಡ್ರು, ಮೇಲಿನೋರು ನಿಮ್ ಗುರೀನೇ ಸರಿಯಿಲ್ಲ ಅಂದ್ರು. ಕೊನೆಗೆ 1942ರ ಜೂನಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಹತ್ರ ಲಾಕ್‌ವುಡ್ ಅನ್ನೋ ಅಡ್ಮಿರಲ್ಲು ಮೀನು ಹಿಡಿಯೋ ಬಲೆ ತರಿಸಿ ನೀರಲ್ಲಿ ಇಳಿಬಿಟ್ಟು ಅದಕ್ಕೆ ಹೊಡೆಸಿ ನೋಡಿದ್ರು. ಬಲೆಯಲ್ಲಿ ತೂತು ಎಲ್ಲಿ ಬಿದ್ದಿದೆ ಅಂತ ಅಳೆದ್ರೆ ಸೆಟ್ ಮಾಡಿದ್ದಕ್ಕಿಂತ ಸುಮಾರು 10 ಅಡಿ ಕೆಳಗೆ. ಅಷ್ಟೇ ಅಲ್ಲ, ಸಿಡಿಯೋ ಪಿನ್ನಿನ ದೋಷ ಸರಿಯಾಗೋಕೆ 1943ರ ಸೆಪ್ಟೆಂಬರ್ ತನಕ ಕಾಯ್ಬೇಕಾಯ್ತು. ಅದಕ್ಕೇ ನಾನು ಆಳ ಯಾವಾಗ್ಲೂ ಕಮ್ಮಿ ಇಟ್ಟೇ ಬಿಡೋದು.

ಮೂರುಗೆರೆ_ಸರ್ವೆಯರ್ (ತುಮಕೂರು)

ತಿಪಟೂರಿನವರೇ, ಬಲೆ ಕಟ್ಟಿ ಅಳೆದಿದ್ದು ನಂಗೆ ಭಾಳ ಇಷ್ಟ ಆಯ್ತು. ಜಗಳ ಆಡೋ ಬದ್ಲು ಅಳತೆ ಮಾಡಿದ್ರಲ್ಲ.

ಕೋಲಾರದವರ ಓರೆ ಪ್ರಶ್ನೆಗೆ ಬರ್ತೀನಿ. ಕಣ್ಣಂದಾಜು ಬೇಡ, ಅದನ್ನೂ ಅಳೀಬೋದು, ಅದಕ್ಕೂ ರೇಂಜ್ ಬೇಡ. ಪುಸ್ತಕದಲ್ಲಿ ಉದ್ದ 134, ಮಾಸ್ಟ್ 30 ಇದೆ. ಹಡಗು ಪೂರ್ತಿ ಪಕ್ಕಕ್ಕೆ ತಿರುಗಿದ್ರೆ ಅದರ ಉದ್ದ ಮಾಸ್ಟಿನ ನಾಲ್ಕೂವರೆ ಪಟ್ಟು ಕಾಣ್ಬೇಕು, ಸರಿಯಾಗಿ ಹೇಳೋದಾದ್ರೆ 4.47. ಈಗ ಪೆರಿಸ್ಕೋಪಿನ ಗೀಟುಗಳಲ್ಲಿ ಎಣಿಸಿ, ಮಾಸ್ಟು 5 ಗೀಟು, ಉದ್ದ 16 ಗೀಟು ಕಂಡ್ತು ಅಂದ್ರೆ 3.2 ಪಟ್ಟು. 3.2 ÷ 4.47 = 0.716, ಸೈನ್ ಇನ್ವರ್ಸ್ ಹಾಕಿ, 46 ಡಿಗ್ರಿ. ಹತ್ರ ಇದ್ರೂ ದೂರ ಇದ್ರೂ ಉದ್ದ ಎತ್ತರ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗೋದ್ರಿಂದ ಅನುಪಾತ ಹಂಗೇ ಉಳಿಯುತ್ತೆ. 75 ಡಿಗ್ರಿ ದಾಟಿದ್ಮೇಲೆ ಈ ವಿಧಾನ ಮಂಕಾಗುತ್ತೆ, 75ರ ಸೈನೇ 0.97, 90ರದ್ದು 1, ಗೀಟಲ್ಲಿ ಆ ವ್ಯತ್ಯಾಸ ಹಿಡಿಯೋಕಾಗಲ್ಲ. ಆದ್ರೆ ಗೈರೋ ಸೊನ್ನೆ ಹತ್ರ ಇದ್ದು, ಎಷ್ಟು ಮುಂದಕ್ಕೆ ಗುರಿ ಇಡ್ಬೇಕು ಅನ್ನೋ ಲೆಕ್ಕದಲ್ಲೂ ಅದೇ ಸೈನ್ ಬರೋದು, ಹಂಗಾಗಿ ಎಲ್ಲಿ ಅಳೆಯೋಕೆ ಕಷ್ಟವೋ ಅಲ್ಲಿ ತಪ್ಪಿದ್ರೂ ನಷ್ಟ ಇಲ್ಲ.

ಗೀಟುಗಳ ಬೆಲೆ ಎಷ್ಟು ಅಂತ ಯಾರೋ ಹೇಳಿದ್ದನ್ನ ನಂಬ್ಬೇಡಿ, ಸ್ಕ್ರೀನ್ ಸೈಜ್, ಮಾಡ್ ಬದಲಾದ್ರೆ ಅದೂ ಬದಲಾಗುತ್ತೆ. ಬಂದರಲ್ಲಿ ನಿಂತಿರೋ ಹಡಗು, ಮ್ಯಾಪ್ ಅಪ್‌ಡೇಟ್ (ಹಡಗು ಎಲ್ಲಿದೆ ಅಂತ ಮ್ಯಾಪಲ್ಲೇ ತೋರಿಸೋ ಸೆಟ್ಟಿಂಗ್) ಆನ್, ದೂರ ಮ್ಯಾಪಲ್ಲೇ ಅಳೆದು ಗೀಟಿಗೆ ಎಷ್ಟು ಡಿಗ್ರಿ ಅಂತ ನೀವೇ ತೆಗೆದು ಒಂದು ಚೀಟೀಲಿ ಬರ್ದಿಟ್ಕೊಳ್ಳಿ. 1.5 ಪಟ್ಟಿನ ಜೂಮ್‌ಗೆ ಬೇರೆ, 6 ಪಟ್ಟಿನ ಜೂಮ್‌ಗೆ ಬೇರೆ.

ಇನ್ನೊಂದು, ಇದು ಗೇಮ್‌ಗಲ್ಲ ಅಸಲಿ ಸಮುದ್ರಕ್ಕೆ. ಪೆರಿಸ್ಕೋಪ್ ಕಣ್ಣು ನೀರಿಂದ ಒಂದು ಮೀಟರ್ ಮೇಲಿದ್ರೆ ದಿಗಂತ ಇರೋದೇ ಸುಮಾರು 3.6 ಕಿಲೋಮೀಟರಿಗೆ. ಅದರಾಚೆ ಹಡಗಿನ ಬುಡ ಭೂಮಿಯ ಉಬ್ಬಿನ ಹಿಂದೆ ಇಳಿಯೋಕೆ ಶುರುವಾಗುತ್ತೆ, 10 ಕಿಲೋಮೀಟರಲ್ಲಿ 3 ಮೀಟರ್ ಕಾಣಲ್ಲ. ನಮ್ ಕಡೆ ಬಯಲು ಸೀಮೇಲಿ ಇಂಥದ್ದು ತಲೆಗೇ ಹೊಳೆಯಲ್ಲ. ವಿಶಾಖಪಟ್ಟಣದ ಬೀಚಲ್ಲಿ ಐಎನ್‌ಎಸ್ ಕುರ್ಸುರ ಸಬ್‌ಮರೀನ್ ಇಟ್ಟಿದಾರಲ್ಲ, 2002ರಿಂದ ಮ್ಯೂಸಿಯಂ, ಒಳಗೆ ಹೋಗಿ ಆ ಇಕ್ಕಟ್ಟು ನೋಡಿದ್ರೆ ಅಲ್ಲಿ ನಿಂತು ಕೋನ ಅಳೆಯೋದು ಎಂಥ ಕೆಲಸ ಅಂತ ಗೊತ್ತಾಗುತ್ತೆ. ತಿರುಪತಿಗೆ ಹೋಗೋರು ಇನ್ನೊಂದು ರಾತ್ರಿ ರೈಲಲ್ಲಿ ಕೂತ್ರೆ ಆಯ್ತು.

ಮಾವಿನತೋಪು (ಶ್ರೀನಿವಾಸಪುರ)

ಓರೆಯಾಗಿ ಹೊಡೆಯೋವಾಗ ರೇಂಜ್ ಬೇಕು ನಿಜ ಅಣ್ಣ. ಟಾರ್ಪೆಡೊ ಟ್ಯೂಬಿಂದ ಬಿಟ್ಟು ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ತಿರುಗುತ್ತೆ, ಆ ತಿರುವಿನ ಜಾಗದ ಲೆಕ್ಕಕ್ಕೆ ಹಡಗು ಎಷ್ಟು ದೂರ ಅಂತ ಯಂತ್ರಕ್ಕೆ ಗೊತ್ತಾಗ್ಬೇಕು. ಗೈರೋ 10 ಡಿಗ್ರಿ ಒಳಗಿದ್ರೆ ತಲೆ ಕೆಡಿಸ್ಕೋಬೇಡಿ. 50, 60 ಅಂತ ಹೋದ್ರೆ ಮಾತ್ರ ರೇಂಜ್ ತಪ್ಪಿದ್ದು ನೇರವಾಗಿ ಹೊಡೆತಕ್ಕೆ ಬರುತ್ತೆ. ಹಂಗಾಗಿ ನಾನು ಕಾನ್ವಾಯ್‌ನಲ್ಲಿ 3000ದಿಂದ ಸ್ಟೇಡಿಮೀಟರ್ ಮುಟ್ಟೋದೇ ಇಲ್ಲ, 1200 ಒಳಗೆ ಬಂದ್ಮೇಲೆ ಒಂದು ಸಲ ಎತ್ತಿ ನೋಡೋದು, ಸರ್ವೆಯರ್ ಸಾರ್ ಹೇಳಿದಂಗೆ ಅಲ್ಲಿ ತಪ್ಪು ನಲವತ್ತೈವತ್ತು ಮೀಟರ್ ಅಷ್ಟೇ. ಪೆರಿಸ್ಕೋಪ್ ಮೇಲೆ ಜಾಸ್ತಿ ಹೊತ್ತು ಇಡ್ಬೇಡಿ, ಎಸ್ಕಾರ್ಟ್‌ಗೆ ಕಂಡ್ರೆ ರೇಂಜ್ ಅಳೆಯೋದು ಅವ್ನು.

ಒಂದು ಟ್ರಿಕ್ ಇದೆ, ಹೊಡೆತ ಬಿದ್ಮೇಲೆ ಮಾಡೋದು. ಬಿಟ್ಟಾಗಿಂದ ಸದ್ದು ಕೇಳೋವರೆಗೂ ವಾಚ್ ಓಡಿಸಿ. ನೇರ ಹೊಡೆತ, 71 ಸೆಕೆಂಡ್ ಆಯ್ತು ಅಂದ್ರೆ ಟಾರ್ಪೆಡೊ ಓಡಿದ್ದು 1095 ಮೀಟರ್. ಸ್ಫೋಟ ಆದ ಕೂಡ್ಲೇ ಸ್ಟೇಡಿಮೀಟರ್ ಎಳೆದು ನೋಡಿ, ಅದು 1250 ಅಂದ್ರೆ ನಿಮ್ ಪುಸ್ತಕದ ಮಾಸ್ಟ್ ಎತ್ತರ ಇಲ್ಲಾ ನೀವು ಹಿಡೀತಿರೋ ತುದಿ, ಎರಡರಲ್ಲೊಂದು ತಪ್ಪು. ಆ ಹಡಗಿನ ಹೆಸರಿನ ಮುಂದೆ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ.

ಅಂತರಗಂಗೆ_ಕ್ಯಾಪ್ಟನ್ (ಕೋಲಾರ)

ಸರಿ ಅಣ್ಣ. ಚೀಟಿ ರೆಡಿ ಮಾಡ್ದೆ, ಮಂಡಿ ಬಿಲ್ ಬುಕ್ಕಿನ ಹಿಂದೇನೇ ಬರ್ದಿದೀನಿ. 15 ಡಿಗ್ರಿ 8 ನಾಟ್‌ಗೆ ಆಯ್ತು, ಬೇರೆ ಸ್ಪೀಡ್‌ಗಳಿಗೂ ಯಾರಾದ್ರೂ ಹೇಳಿದ್ರೆ ಅಲ್ಲೇ ಬರ್ಕೊತೀನಿ, ಗೇಮ್ ಮಧ್ಯೆ ಕ್ಯಾಲ್ಕುಲೇಟರ್ ತೆಗೆಯೋಕೆ ಆಗಲ್ಲ.

ಮಾವಿನತೋಪು (ಶ್ರೀನಿವಾಸಪುರ)

30 ನಾಟ್ ಟಾರ್ಪೆಡೊಗೆ: 5 ನಾಟ್ ಹಡಗಾದ್ರೆ ಒಂಬತ್ತೂವರೆ ಡಿಗ್ರಿ, 6ಕ್ಕೆ ಹನ್ನೊಂದು ಚಿಲ್ರೆ, 7ಕ್ಕೆ 13, 9ಕ್ಕೆ ಹದಿನಾರು ಮುಕ್ಕಾಲು, 10ಕ್ಕೆ ಹದಿನೆಂಟೂವರೆ, 12ಕ್ಕೆ ಇಪ್ಪತ್ತೆರಡರ ಹತ್ರ. ಹಬೆ ಟಾರ್ಪೆಡೊ 44ಕ್ಕೆ ಇಟ್ರೆ ಈ ಅಂಕಿ ಯಾವ್ದೂ ನಡೆಯಲ್ಲ, 8 ನಾಟ್‌ಗೆ ಬರೀ ಹತ್ತೂ ಚಿಲ್ರೆ, ಅದಕ್ಕೆ ಬೇರೆ ಪುಟ ಮಾಡ್ಕೊಳ್ಳಿ.